ಸಕ್ಕೂಬಾಯಿ ಓಣಿಯ ಮಗ್ಗ ನಿಲ್ಲಿಸಿದ್ದು

"ನಾವು ಕರಿಮಗ್ಗ. ಗಜೇಂದ್ರಗಡ, ರೋಣ, ನರಗುಂದ, ಈ ಮೂರು ಊರಿನ ಮೂವರು. ಇದು ನಮ್ಮ ಮೊದಲನೆಯ ಆಲ್ಬಮ್, ಹೆಸರು 'ಹರಿದ ಹಾಸು'. ಇದರಲ್ಲಿ ಪ್ರೀತಿಯ ಹಾಡಿಲ್ಲ, ಮಳೆಯ ಹಾಡಿಲ್ಲ, ಚಂದ್ರ ಎಲ್ಲಿಯೂ ಬರುವುದಿಲ್ಲ. ಮೂರು ಬಗೆಯ ಸಂಗೀತವನ್ನು ಒಂದೇ ಮಗ್ಗಕ್ಕೆ ಹೂಡಿದ್ದೇವೆ. ಕ್ರಸ್ಟ್ ಪಂಕ್ ನಮ್ಮ ಹಾಸು. ಅದು ಕೊಳಕು ಬಟ್ಟೆ ಹಾಕಿಕೊಂಡ ಸಿಟ್ಟು, ತೊಳೆಯಲು ಬಂದರೆ ಇನ್ನೂ ಸಿಟ್ಟಾಗುವ ಸಿಟ್ಟು. ಬ್ಲ್ಯಾಕ್ ಮೆಟಲ್ ನಮ್ಮ ಹೊಕ್ಕು. ಅದು ಗುಡ್ಡದ ಮೇಲಿನ ಚಳಿ, ದೀಪ ಆರಿದ ಮನೆ, ಎದೆಯೊಳಗಿನ ಕತ್ತಲೆ ಗಂಟಲಿಗೆ ಬಂದು ಚೀರುವುದು. ಥ್ರ್ಯಾಶ್ ನಮ್ಮ ಲಾಳಿ. ಅದು ನಿಲ್ಲುವುದಿಲ್ಲ, ನಿಲ್ಲಿಸಿದವರನ್ನು ಬಿಡುವುದಿಲ್ಲ. ಈ ಹಾಡು ಕೇಳಿ ನಿಮ್ಮ ಕಿವಿ ನೊಂದರೆ ನಾವು ಕ್ಷಮೆ ಕೇಳುವುದಿಲ್ಲ, ನೋಯಲಿ ಎಂದೇ ಮಾಡಿದ್ದೇವೆ. ಕೊನೆಯ ಹಾಡಿಗೆ ಅರ್ಥವಿಲ್ಲ, ತಾಳವಿಲ್ಲ, ಬರಿಯ ಕೂಗು. ಅದನ್ನು ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿರಿ."

ಇಷ್ಟನ್ನೂ ಮೊಬೈಲಿನಲ್ಲಿ ನೋಡಿಕೊಂಡು ಒಂದೇ ಉಸಿರಿಗೆ ಓದಿ ಬನಶ್ರೀ ತಲೆ ಎತ್ತಿದಳು. ಎದುರಿಗೆ ಅವಳ ಆಯಿ, ಅಂದರೆ ಅಪ್ಪನ ತಾಯಿ ಸಕ್ಕೂಬಾಯಿ, ಮೊರದ ಮುಂದೆ ಕೂತು ಮೆಂತೆಪಲ್ಲೆ ಸೋಸುತ್ತಿದ್ದಳು.

"ಹ್ಯಾಂಗೈತಿ ಆಯಿ?"

"ಚಲೋ ಐತಿ. ಆ ತೊಳಿಯಾಕ ಬಂದ್ರ ಇನ್ನೂ ಸಿಟ್ಟಾಗತೈತಿ ಅಂದಿಯಲ್ಲ, ಅದು ನಿಮ್ಮಪ್ಪ. ಸಣ್ಣಾಂವ ಇದ್ದಾಗ ಜಳಕಾ ಅಂದ್ರ ಓಣಿ ತುಂಬ ಓಡತಿದ್ದ."

ಸಕ್ಕೂಬಾಯಿಯ ಸಾಲಿ ಎರಡನೆಯ ಇಯತ್ತೆಗೇ ನಿಂತಿತ್ತು. ಕಿವಿಯ ಸಾಲಿ ಮಾತ್ರ ಇನ್ನೂ ನಡೆದಿತ್ತು. ಆ ಮನೆಯಲ್ಲಿ, ಗಜೇಂದ್ರಗಡದ ಆ ಓಣಿಯಲ್ಲಿ ಯಾರಿಗೆ ಏನು ಹೇಳಬೇಕಾದರೂ ಸಕ್ಕೂಬಾಯಿಯ ಹತ್ತಿರ ಬರುತ್ತಿದ್ದರು. ಸೊಸೆ ನೀಲಾ ಮಗನ ಮೇಲಿನ ದೂರು ಹೇಳುತ್ತಿದ್ದಳು, ಮಗ ಮಾಲತೇಶ ಸೊಸೆಯ ಮೇಲಿನ ದೂರು ಹೇಳುತ್ತಿದ್ದ, ಬಾಜೂ ಮನೆಯ ಹನುಮವ್ವ ಇಬ್ಬರ ಮೇಲಿನ ದೂರನ್ನೂ ಹೇಳುತ್ತಿದ್ದಳು. ಫೋನ್ ಕಂಪನಿಯ ಹುಡುಗಿ ಕರೆ ಮಾಡಿ ಹೊಸ ಪ್ಯಾಕೇಜಿನ ವಿವರ ಒಪ್ಪಿಸಿದರೂ ಸಕ್ಕೂಬಾಯಿ ಕೊನೆಯವರೆಗೂ ಕೇಳಿ, "ಆತವಾ. ನಿಂದು ಊಟಾ ಆತೇನು?" ಎನ್ನುತ್ತಿದ್ದಳು. (ಆ ಹುಡುಗಿ ಆಮೇಲೆ ಎರಡು ಸಲ ತನ್ನ ಅತ್ತೆಯ ಕಾಟ ಹೇಳಿಕೊಳ್ಳಲು ಫೋನು ಮಾಡಿದ್ದಳಂತೆ.) ಆದರೆ "ನಿಂದೇನೈತಿ ಹೇಳು" ಎಂದು ಸಕ್ಕೂಬಾಯಿಯನ್ನು ಕೇಳಿದವರು ಯಾರೂ ಇರಲಿಲ್ಲ. ಅವಳೂ ಅದನ್ನೊಂದು ಕೊರತೆ ಎಂದು ಎಣಿಸಿರಲಿಲ್ಲ. ಬಾವಿಗೆ ಯಾರಾದರೂ ನೀರು ಕೊಡುತ್ತಾರೆಯೇ?

ಹೀಗಿರುವಾಗ ಮೊಮ್ಮಗಳ ಸಂಗೀತವನ್ನು ಮನೆಯಲ್ಲಿ ಕೇಳಿದವಳು ಅವಳೊಬ್ಬಳೇ ಎಂಬುದರಲ್ಲಿ ಆಶ್ಚರ್ಯವಿಲ್ಲ. ನರೇಗಲ್ಲಿನ ಕಾಲೇಜಿನಿಂದ ಬಂದವಳೇ ಬನಶ್ರೀ ಆಯಿಯ ಕಿವಿಗೆ ತನ್ನ ಹೆಡ್‌ಫೋನು ಸಿಕ್ಕಿಸುತ್ತಿದ್ದಳು. ಸಕ್ಕೂಬಾಯಿ ಸೆರಗು ಸರಿಮಾಡಿಕೊಂಡು, ಪುರಾಣ ಕೇಳುವವರಂತೆ ಕಣ್ಣು ಮುಚ್ಚಿ, ಪೂರಾ ಕೇಳಿ ತೀರ್ಪು ಕೊಡುತ್ತಿದ್ದಳು. "ಇದು ಓಡೂದು. ಇದು ಜಗಳಾಡೂದು. ಇದು ಅಳೂದು. ಇದರಾಗ ಮೂರೂ ಐತಿ, ಇದ ಚಲೋ." ಹುಡುಗಿಗೆ ಅಷ್ಟು ಸಾಕಿತ್ತು.

ಆಲ್ಬಮ್ಮಿನ ಕೆಲಸ ಬಹುತೇಕ ಮುಗಿದಿತ್ತು. ರೋಣದ ಫರ್ದೀನ ತನ್ನ ಅಪ್ಪ ಸಲಾವುದ್ದೀನನ ಮದುವೆ ಬ್ಯಾಂಡಿನ ಡ್ರಮ್ಮುಗಳನ್ನು ಗೋದಾಮಿನಲ್ಲೇ ಬಾರಿಸಿ ರೆಕಾರ್ಡ್ ಮಾಡಿ ತಂದಿದ್ದ. ನರಗುಂದದ ಶರತ ಗಿಟಾರು ಬಾರಿಸಿ ಮುಗಿಸಿ, ಉಳ್ಳಾಗಡ್ಡಿ ಕೀಳುವ ಕೆಲಸವಿದೆ ಎಂದು ಊರಿಗೆ ಹೋಗಿದ್ದ. ಉಳಿದದ್ದು ಬನಶ್ರೀಯ ಗಂಟಲು, ಅದರಲ್ಲೂ ಆ ಕೊನೆಯ ಕೂಗು. ಅಜ್ಜ ಮಹಾದೇವಪ್ಪ ಮೊಣಕಾಲು ನೋವಿನಿಂದ ನೇಯುವುದು ಬಿಟ್ಟ ಮೇಲೆ ಬರಿದಾಗಿದ್ದ ಮಗ್ಗದ ಕೋಣೆಯ ನಾಲ್ಕೂ ಗೋಡೆಗೆ ಸಕ್ಕೂಬಾಯಿ ಹೊಲಿದ ಕೌದಿಗಳನ್ನು ಇಳಿಬಿಟ್ಟು, ನಡುವೆ ಮೈಕು ನಿಲ್ಲಿಸಿ, ಅದಕ್ಕೆ ಸ್ಟುಡಿಯೋ ಎಂದು ನಾಮಕರಣ ಮಾಡಿದ್ದರು.

ಆದರೆ ಕೌದಿ ಚಳಿ ತಡೆದೀತು, ನೇಕಾರರ ಓಣಿಯನ್ನು ತಡೆದೀತೇ? ಆ ಓಣಿಯಲ್ಲಿ ಪಟ್ಟೇದ ಅಂಚಿನ ಸೀರೆ ನೇಯುವ ಮಗ್ಗಗಳು ಬೆಳಗಿನಿಂದ ಸಂಜೆಯ ತನಕ ಖಟಾಕ್ ಪಟಾಕ್, ಖಟಾಕ್ ಪಟಾಕ್ ಎನ್ನುತ್ತಲೇ ಇರುತ್ತವೆ. ಬನಶ್ರೀ ಎದೆಯ ಕತ್ತಲೆಯನ್ನೆಲ್ಲ ಬಾಚಿ ತಂದು ಚೀರಿದರೆ, ಮರಳಿ ಕೇಳುವಾಗ ಆ ಕತ್ತಲೆಯ ಹಿಂದೆ ಓಣಿಯ ಹಿರಿಯ ಶಿವನಪ್ಪನ ಮಗ್ಗ ಸೀರೆ ನೇಯುತ್ತಿತ್ತು. ಗುಡ್ಡದ ಮೇಲೆ ಹೋಗಿ ಚೀರಿದರು, ಗಾಳಿ ಮೈಕನ್ನೇ ಉರುಳಿಸಿತು. ರಾತ್ರಿ ಚೀರಿ ನೋಡಿದರು, ಓಣಿಯ ನಾಯಿಗಳೆಲ್ಲ ದನಿಗೂಡಿಸಿದವು. (ಆ ರೆಕಾರ್ಡು ಕೆಟ್ಟದಾಗಿರಲಿಲ್ಲ ಎಂದು ಫರ್ದೀನನ ಮತ.)

ಆ ದಿನ ಬೆಳಿಗ್ಗೆ ಪುಣೆಯಿಂದ ಫೋನು ಬಂತು. ಆಲ್ಬಮ್ ತರಲು ಒಪ್ಪಿಕೊಂಡಿದ್ದ ಅಲ್ಲಿಯ ಕಂಪನಿಯವರು ಕೊನೆಯ ಹಾಡು ಇವತ್ತು ಸಂಜೆಯೊಳಗೆ ಕೈಸೇರದಿದ್ದರೆ ಇವರ ಜಾಗಕ್ಕೆ ಬೇರೊಂದು ತಂಡವನ್ನು ತೆಗೆದುಕೊಳ್ಳುವುದಾಗಿ ಹೇಳಿದರು. ಮಗ ಸೊಸೆ ಬೆಳವಣಕಿಗೆ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದರು. ಬನಶ್ರೀ ಆಯಿಯ ತೊಡೆಯ ಮೇಲೆ ತಲೆಯಿಟ್ಟು ಸದ್ದಿಲ್ಲದೆ ಅತ್ತಳು. ಇಡೀ ದಿನ ಚೀರುವ ಹುಡುಗಿ ಸದ್ದಿಲ್ಲದೆ ಅತ್ತರೆ ಅದನ್ನು ನೋಡುವುದು ಕಷ್ಟ.

"ಒಂದ ತಾಸು ಸಪ್ಪಳಿಲ್ಲದಂಗ ಆದ್ರ ಸಾಕಾಗಿತ್ತು, ಆಯಿ."

"ತಡಿ," ಎಂದಳು ಸಕ್ಕೂಬಾಯಿ. ಅವಳಿಗೆ ಒಂದು ದಿವ್ಯವಾದ ಉಪಾಯ ಹೊಳೆದಿತ್ತು.

ಆ ಓಣಿಯಲ್ಲಿ ಮಗ್ಗಗಳು ಒಟ್ಟಿಗೆ ನಿಲ್ಲುವುದು ಎರಡು ಸಂದರ್ಭಗಳಲ್ಲಿ. ಒಂದು ಅಮವಾಸ್ಯೆ, ಅದು ಇನ್ನೂ ದೂರವಿತ್ತು. ಇನ್ನೊಂದು, ಓಣಿಯಲ್ಲಿ ಯಾರಾದರೂ ತೀರಿಕೊಂಡಾಗ. ಸತ್ತವರ ಮನೆಯವರು ಯಾರಾದರೂ ಹಿರಿಯ ಶಿವನಪ್ಪನ ಬಾಗಿಲಿಗೆ ಹೋಗಿ "ಮಗ್ಗ ನಿಂದರಸ್ರಿ" ಎಂದರೆ ಆಯಿತು. ಸತ್ತರು ಎಂಬ ಮಾತನ್ನು ಅವರು ಆಡುವುದಿಲ್ಲ, ಇವರು ಕೇಳುವುದೂ ಇಲ್ಲ. ಆಮೇಲೆ ಆ ಮನೆಯ ಒಲೆ ಉರಿಯುವುದಿಲ್ಲವಾದ್ದರಿಂದ ಮನೆಮನೆಯಿಂದ ರೊಟ್ಟಿ ಪಲ್ಲೆ ಬರುತ್ತದೆ. ಹೆಂಗಸರು ಬಂದು ಸತ್ತವರ ಗುಣಗಳನ್ನು ಹಾಡಿಕೊಂಡು ಅಳುತ್ತಾರೆ.

ಇದೆಲ್ಲ ಸಕ್ಕೂಬಾಯಿಗೆ ಗೊತ್ತಿರಲಿಲ್ಲವೇ? ಬೇರೆಯವರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ತೊಡೆಯ ಮೇಲೆ ಮೊಮ್ಮಗಳ ಕಣ್ಣೀರು ಬಿದ್ದಾಗ ಗೊತ್ತಿದ್ದದ್ದೂ ಮರೆಯುತ್ತದೆ. ಸತ್ತವರಿಗಾಗಿ ಇಡೀ ದಿನ ನಿಲ್ಲಿಸುವ ಜನ ಬದುಕಿರುವ ಹುಡುಗಿಗಾಗಿ ಒಂದು ತಾಸು ನಿಲ್ಲಿಸಲಾರರೇ ಎಂಬ ಒಂದೇ ವಿಚಾರ ಅವಳ ತಲೆಯಲ್ಲಿತ್ತು. ನೆತ್ತಿಯ ಮೇಲೆ ಸೂರ್ಯ ಬಂದ ಹೊತ್ತಿನಲ್ಲಿ ತಲೆ ತುಂಬ ಸೆರಗು ಹೊದ್ದು ಹೊರಟಳು. ಬರಿಗಾಲು. (ಅವಳ ಚಪ್ಪಲಿಯ ಮೇಲೆ ಫರ್ದೀನ ತನ್ನ ಮಣಭಾರದ ಬೂಟು ಬಿಟ್ಟಿದ್ದ.)

ಶಿವನಪ್ಪ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ. ಬರಿಗಾಲಲ್ಲಿ ಬಂದು ತಲೆಬಾಗಿಲಲ್ಲಿ ನಿಂತವಳನ್ನು ನೋಡಿ ಲಾಳಿ ಅವನ ಕೈಯಲ್ಲೇ ಉಳಿಯಿತು.

"ಏನ್ ಚಿಗವ್ವಾ, ಇಷ್ಟ ಬಿಸಲಾಗ?"

"ಶಿವನಪ್ಪ, ಒಂದೀಟು ಮಗ್ಗ ನಿಂದರಸಬೇಕಾಗೈತೋ."

ಮೊಮ್ಮಗಳು ಚೀರುತ್ತಾಳೆ, ಅದಕ್ಕೆ, ಎಂದು ಮುಂದೆ ಹೇಳಬೇಕೆಂದು ಅವಳು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಬಾಯಿಗೆ ಬರಲಿಲ್ಲ. ಹರೆಯದ ಹುಡುಗಿ ಕೋಣೆಯಲ್ಲಿ ಕೂತು ಚೀರುವುದನ್ನು ಗಂಡಸರ ಮುಂದೆ ಹೇಗೆ ಹೇಳುವುದು? ಸೆರಗಿನ ತುದಿಯನ್ನು ಬಾಯಿಗೆ ಹಚ್ಚಿಕೊಂಡು ನಿಂತಳು.

ಶಿವನಪ್ಪ ಕುಣಿಯಿಂದ ಎದ್ದು ಬಂದ. "ಮಹಾದೇವಪ್ಪ ಕಾಕಾ ನಿನ್ನೆಯಿಂದ ಗುಡಿ ಕಟ್ಟಿ ಮ್ಯಾಲೆ ಕುಂದ್ರಾಕ ಬಂದಿಲ್ಲ. ನೆಗಡಿ ಅಂದ್ರು."

"ಹೌದಪಾ. ನೆಗಡೀನ."

"ನೆಗಡಿಯಿಂದನ..." ಶಿವನಪ್ಪ ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಂಡ. "ನೀ ನಡಿ ಚಿಗವ್ವಾ. ಯಾವದಕ್ಕೂ ಚಿಂತಿ ಮಾಡಬ್ಯಾಡ. ನಾವೆಲ್ಲಾ ಅದೀವಿ."

ಒಂದು ಕಾರಣವನ್ನೂ ಕೇಳದೆ, ಹುಡುಗಿಯ ಹಾಡಿಗಾಗಿ ಕಣ್ಣಲ್ಲಿ ನೀರು ತಂದುಕೊಂಡ ಶಿವನಪ್ಪನ ಕಲಾಪ್ರೇಮವನ್ನು ಮೆಚ್ಚಿಕೊಳ್ಳುತ್ತ ಸಕ್ಕೂಬಾಯಿ ಮನೆಗೆ ಬಂದಳು. ಬರುವಷ್ಟರಲ್ಲೇ ಮಗ್ಗಗಳು ಒಂದೊಂದಾಗಿ ನಿಲ್ಲತೊಡಗಿದವು. ಮೊದಲು ಶಿವನಪ್ಪನದು, ಆಮೇಲೆ ಅವನ ತಮ್ಮನದು, ಆಮೇಲೆ ಮೂಲೆಯ ಮನೆಯದು. ಕೊನೆಗೆ ಇಡೀ ಓಣಿಯಲ್ಲಿ ಒಂದು ಕಾಗೆಯ ಸದ್ದು ಬಿಟ್ಟರೆ ಏನೂ ಇರಲಿಲ್ಲ, ಅದೂ ಹಾರಿಹೋಯಿತು.

"ಆಯಿ, ಹ್ಯಾಂಗ ಮಾಡಿದಿ?" ಬನಶ್ರೀ ನಂಬಲಾರದೆ ಕೇಳಿದಳು.

"ಹೇಳಿದೆ, ನಿಂದರಸಿದ್ರು. ಮಂದಿ ಚಲೋ ಅದಾರ. ಲಗೂ ಚೀರು."

ಇಲ್ಲಿ ಮಹಾದೇವಪ್ಪನ ವಿಷಯ ಒಂದು ಮಾತು ಹೇಳಬೇಕು. ಅವನು ಪಡಸಾಲೆಯಲ್ಲಿ, ನೊಣದ ಕಾಟಕ್ಕೆ ಬಿಳಿಯ ಧೋತರವನ್ನು ಕಾಲಿನಿಂದ ತಲೆಯವರೆಗೆ ಹೊದ್ದು, ಅಂಗಾತ ಮಲಗಿದ್ದ. ಹುಟ್ಟಿದಂದಿನಿಂದ ಮಗ್ಗದ ಸದ್ದಿನಲ್ಲೇ ನಿದ್ದೆ ಮಾಡಿದವನು. ತಲೆಯ ಹತ್ತಿರ ಪಟಾಕಿ ಹೊಡೆದರೂ ಏಳದವನಿಗೆ, ಮಗ್ಗ ನಿಂತರೆ ಮಾತ್ರ ಎಚ್ಚರವಾಗುತ್ತಿತ್ತು. ಓಣಿ ಸ್ತಬ್ಧವಾದ ಕೂಡಲೆ ಧೋತರದೊಳಗೆ ಅವನ ಕಣ್ಣು ತೆರೆಯಿತು. ಯಾರು ತೀರಿಕೊಂಡರೋ ಎಂದು ಅವನು ಮಲಗಿದಲ್ಲೇ ಓಣಿಯ ಮುದುಕರನ್ನು ಒಬ್ಬೊಬ್ಬರಾಗಿ ನೆನೆಸುತ್ತಿರುವಾಗ, ಮಗ್ಗದ ಕೋಣೆಯಿಂದ ಆ ಕೂಗು ಬಂತು.

ಅದು ಒಳ್ಳೆಯ ಕೂಗೇ. ಗುಡ್ಡದ ಚಳಿ, ಆರಿದ ದೀಪ, ಎಲ್ಲವೂ ಇತ್ತು. ಆದರೆ ಅಷ್ಟು ಹೊತ್ತಿಗೆ ಓಣಿಯ ಜನ ತಲೆಬಾಗಿಲ ಹತ್ತಿರ ಬಂದಾಗಿತ್ತು. "ಅಯ್ಯೋ ಶಿವನೇ, ಮೊಮ್ಮಗಳು ಹ್ಯಾಂಗ ಅಳಾಕತ್ತೈತಿ ನೋಡ್ರಿ," ಎನ್ನುತ್ತ ಹನುಮವ್ವ ಒಳಗೆ ಬಂದು ರೊಟ್ಟಿಯ ಗಂಟನ್ನೂ ಕಡಲೆಹಿಟ್ಟಿನ ಜುಣಕದ ಬೋಗುಣಿಯನ್ನೂ ಕೆಳಗಿಟ್ಟಳು. ಹಿಂದೆ ಹೆಂಗಸರ ಹಿಂಡು, ಅದರ ಹಿಂದೆ ಹೂವಿನ ಹಾರ ಹಿಡಿದ ಶಿವನಪ್ಪ. ಪಡಸಾಲೆಯಲ್ಲಿ ಬಿಳಿಯ ಬಟ್ಟೆ ಹೊದ್ದ ಆಕಾರ. ಯಾರಿಗೂ ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ.

ಗದ್ದಲ ಕೇಳಿ ಬನಶ್ರೀ ಕೋಣೆಯ ಬಾಗಿಲು ತೆರೆದು ಹೊರಗೆ ಇಣುಕಿದಳು. ಹೆಂಗಸರು ಅವಳನ್ನು ಅಲ್ಲೇ ತಬ್ಬಿ ಹಿಡಿದರು. ತೆರೆದ ಬಾಗಿಲ ಆಚೆ ಮೈಕು, ಮೈಕಿನ ಆಚೆ ಕಿವಿಗೆ ದೊಡ್ಡ ಹೆಡ್‌ಫೋನು ಹಾಕಿಕೊಂಡು ಬೆಪ್ಪಾಗಿ ಕೂತ ಫರ್ದೀನ.

ಸಕ್ಕೂಬಾಯಿಗೆ ಆಗ ಎಲ್ಲವೂ ಒಮ್ಮೆಗೇ ಅರ್ಥವಾಯಿತು. "ಹನುಮವ್ವಾ, ಅವರು ಸತ್ತಿಲ್ಲವ್ವಾ," ಎಂದಳು.

"ಸತ್ತಿಲ್ಲ ಅಕ್ಕಾ, ಸತ್ತಿಲ್ಲ. ಅಂಥಾವ್ರು ಎಲ್ಲೆ ಸಾಯ್ತಾರ? ನಮ್ಮ ಮನಸಿನ್ಯಾಗ ಇದ್ದ ಇರ್ತಾರ," ಎಂದು ಹನುಮವ್ವ ಅವಳ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು.

"ಹಂಗಲ್ಲ, ಅವರು ಮಲಗ್ಯಾರ."

"ಹೌದವ್ವ, ಶಾಂತ ಮಲಗ್ಯಾರ. ಪುಣ್ಯವಂತರು. ಎಲ್ಲರಿಗೂ ಇಂಥಾ ನಿದ್ದಿ ಬರೂದಿಲ್ಲ."

"ನನ್ನ ಮಾತು ಸ್ವಲ್ಪ ಕೇಳ್ರಿ."

"ನೀ ಏನೂ ಮಾತಾಡಬ್ಯಾಡ ಅಕ್ಕಾ. ಅತ್ತಬಿಡು."

ಮಾತಾಡಬೇಡ ಎಂದ ಮೇಲೆ ಅಭ್ಯಾಸದಂತೆ ಸಕ್ಕೂಬಾಯಿ ಕೇಳುತ್ತ ಕೂತಳು. ಹನುಮವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ರಾಗ ಎಳೆದು, ಮಹಾದೇವಪ್ಪನ ಗುಣಗಾನಕ್ಕೆ ತೊಡಗಿದಳು. ಧೋತರದ ಒಳಗೆ ಮಹಾದೇವಪ್ಪ ಏಳಬೇಕೆಂದಿದ್ದವನು, ಮೊದಲ ಸಾಲು ಕಿವಿಗೆ ಬಿದ್ದದ್ದೇ ಸುಮ್ಮನಾದ. ಬದುಕಿದ್ದಾಗ ಯಾರೂ ಅವನನ್ನು ಹೀಗೆ ಹೊಗಳಿರಲಿಲ್ಲ. ಇನ್ನೆರಡು ಮಾತು ಕೇಳಿ ಏಳೋಣವೆಂದುಕೊಂಡ.

"ಒಬ್ಬರಿಗೆ ಒಂದ ಬಿರುಸು ಮಾತು ಅಂದವರಲ್ಲೋ ನನ್ನಪ್ಪಾ," ಎಂದು ಹಾಡಿದಳು ಹನುಮವ್ವ.

"ಅಂದಿಲ್ಲ ಖರೆ," ಎಂದಳು ಸಕ್ಕೂಬಾಯಿ ಮೆಲ್ಲಗೆ. "ಚಲೋ ಮಾತೂ ಅಂದಿಲ್ಲ. ನಾ ಇಷ್ಟ ವರ್ಷ ರೊಟ್ಟಿ ಬಡದೀನಿ, ಚಲೋ ಆಗ್ಯಾವ ಅಂತ ಒಂದ ದಿನಾ ಬಾಯಿಂದ ಬಂದಿಲ್ಲ."

ಅಳುವ ಹೆಂಗಸರು ಇದೂ ಒಂದು ಅಳುವ ಪದವೆಂದು ತಲೆಯಾಡಿಸಿದರು.

"ಬೇಡಿ ಬಂದವರಿಗೆ ಇಲ್ಲ ಅಂದವರಲ್ಲೋ ನನ್ನಪ್ಪಾ."

"ಹೌದು, ಅಂದಿಲ್ಲ." ಸಕ್ಕೂಬಾಯಿಯ ದನಿ ಒಂದು ಮೆಟ್ಟಿಲು ಏರಿತು. "ನಮ್ಮನಿ ನಿಚ್ಚಣಿಕಿ ನಿಮ್ಮನ್ಯಾಗ ಐತಿ ಹನುಮವ್ವ. ಕೊಡಲಿ ಶಿವನಪ್ಪನ ಮನ್ಯಾಗ ಐತಿ. ನನ್ನ ತವರಿನ ಛತ್ರಿ ಯಾರಿಗೆ ಕೊಟ್ಟಾರ ಅಂತ ಅವರಿಗ ಗೊತ್ತಿಲ್ಲ. ಮಳಿ ಬಂದ್ರ ನಾ ಗೋಣೀಚೀಲ ಹೊತಗೊಂಡು ಅಡ್ಡಾಡ್ತೀನಿ."

ನಿಚ್ಚಣಿಕೆಯ ಮಾತು ಬಂದಾಗ ಹನುಮವ್ವನ ರಾಗ ಸ್ವಲ್ಪ ತಡವರಿಸಿತು. ಆದರೂ ನುರಿತ ಹೆಣ್ಣುಮಗಳು, ಸಾವರಿಸಿಕೊಂಡು ಕೊನೆಯ ಅಸ್ತ್ರ ಬಿಟ್ಟಳು.

"ಸಕ್ಕೂಬಾಯಿನ್ನ ಬಿಟ್ಟು ಒಂದ ಹೆಜ್ಜಿ ಹೋದವರಲ್ಲೋ ನನ್ನಪ್ಪಾ."

ಇಷ್ಟು ವರ್ಷ ಯಾರು ಏನು ಹೇಳಿದರೂ ಕೇಳಿಕೊಂಡು ಬಂದ ಸಕ್ಕೂಬಾಯಿಗೆ ಇದೊಂದು ಮಾತು ಕೇಳಲಾಗಲಿಲ್ಲ. ಅವಳು ಎದ್ದು ನಿಂತಳು. ನಿಂತ ಜಾಗ ಮಗ್ಗದ ಕೋಣೆಯ ಬಾಗಿಲು. ಬೆನ್ನ ಹಿಂದೆ ಮೈಕು.

"ಬಿಟ್ಟ ಹೋಗಿಲ್ಲ? ನರಗುಂದದಾಗ ಮಗಳ ಮನಿಯಿಂದ ಬರೂ ಮುಂದ ರೋಣದ ಬಸ್‌ಸ್ಟ್ಯಾಂಡಿನ್ಯಾಗ ನನ್ನ ಕಟ್ಟಿ ಮ್ಯಾಲೆ ಕುಂದ್ರಿಸಿ, ನೀರು ತರ್ತೀನಿ ಅಂತ ಹೋದ್ರು. ಹೋಗಿ ಬಸ್ ಹತ್ತಿ ಊರಿಗೆ ಬಂದ್ರು. ನಾ ಅಲ್ಲೇ ಕುಂತಿದ್ದೆ. ಮಂದಿ ಬಂತು, ಮಂದಿ ಹೋತು. ಇವರು ಮನಿಗೆ ಬಂದು ಕೈಕಾಲ ಮಾರಿ ತೊಳಕೊಂಡು ಊಟಕ್ಕ ಕುಂತಾರ. ಆವಾಗ ನೆನಪಾತು. ನಾ ನೆನಪಾಗಲಿಲ್ಲ. ಉಣ್ಣೂ ತಾಟ ಯಾಕ ಬರಲಿಲ್ಲ ಅಂತ ನೆನಪಾತು. ತಾಟ..."

ಆ "ತಾಟ" ಎಂಬ ಮಾತಿನ ಕೊನೆಯ ಅಕ್ಷರ ಅವಳ ಹಿಡಿತ ಬಿಟ್ಟು ಹೋಯಿತು. ಅದು ಮೇಲೆ ಏರಿತು, ಒಡೆಯಿತು, ಹರಿಯಿತು, ಮತ್ತೆ ಏರಿತು. ಅದರಲ್ಲಿ ಓಡುವುದಿತ್ತು, ಜಗಳಾಡುವುದಿತ್ತು, ಅಳುವುದೂ ಇತ್ತು. ಗೋಡೆಯ ಗಿಲಾಬಿನ ಒಂದು ಪದರು ಉದುರಿತು. ಹೆಂಗಸರ ಕಣ್ಣಿನ ನೀರು ಅಲ್ಲಲ್ಲೇ ನಿಂತಿತು. ಫರ್ದೀನ ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡ, ಅವನ ಬಾಯಿ ತೆರೆದೇ ಇತ್ತು.

ಕೂಗು ಮುಗಿದ ಮೇಲಿನ ನಿಶ್ಶಬ್ದದಲ್ಲಿ ಧೋತರ ಸರಿಯಿತು. ಮಹಾದೇವಪ್ಪ ಎದ್ದು ಕೂತ.

"ಅವತ್ತ ಬಸ್ಸಿನ್ಯಾಗ ಗದ್ಲ ಭಾಳ ಇತ್ತು," ಎಂದ.

ಮುಂದಿನದನ್ನು ವಿವರಿಸುವುದು ಕಷ್ಟ. ಹಿಂದೆ ನಿಂತ ಹೆಂಗಸರು ಮುಂದೆ ಓಡಿದರು, ಮುಂದೆ ಇದ್ದವರು ಹಿಂದೆ ಓಡಿದರು, ನಡುವೆ ಸಿಕ್ಕ ಹನುಮವ್ವ ಜುಣಕದ ಬೋಗುಣಿಯ ಪಕ್ಕದಲ್ಲಿ ಕುಸಿದು ಕೂತಳು. ಶಿವನಪ್ಪ ಕೈಯಲ್ಲಿದ್ದ ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ, ಸತ್ಕಾರ ಮಾಡುವವನಂತೆ ಅದನ್ನು ಮಹಾದೇವಪ್ಪನ ಕೊರಳಿಗೇ ಹಾಕಿದ. ಹಾಕಿದ ಮೇಲೆ ಸಿಟ್ಟು ಬಂತು.

"ಚಿಗವ್ವಾ, ಮಗ್ಗ ನಿಂದರಸಂತ ಹೇಳಿದ್ದಿ."

"ಹೇಳಿದ್ದೆ. ಸತ್ತಾರ ಅಂದಿದ್ನೇನಪಾ?"

"ಹಂಗ ಯಾರರ ಅಂತಾರ? ತಿಳಕೊಳ್ಳೂದು ಅದು."

"ಹುಡುಗಿ ಹಾಡಾಕ ಸಪ್ಪಳ ಇರಬಾರದಾಗಿತ್ತು."

"ಹಾಡು?" ಶಿವನಪ್ಪ ಮಗ್ಗದ ಕೋಣೆಯ ಕಡೆ ನೋಡಿದ. "ಅದು ಹಾಡಾ?"

ಹತ್ತು ನಿಮಿಷದೊಳಗೆ ಓಣಿಯ ಮಗ್ಗಗಳೆಲ್ಲ ಶುರುವಾದವು, ಮೊದಲಿಗಿಂತ ಜೋರಾಗಿ. ಬನಶ್ರೀ ಗೋಡೆಗೆ ಒರಗಿ ಕೂತಳು. ಬಂದ ಹೆಂಗಸರನ್ನೆಲ್ಲ ಸಮಾಧಾನ ಮಾಡಿ ಮುಗಿಸುವಷ್ಟರಲ್ಲಿ ಸಂಜೆಯಾಗುತ್ತ ಬಂದಿತ್ತು. ಅವಳ ಕೂಗಿನ ಅರ್ಧಕ್ಕೇ ಹನುಮವ್ವ ಸೇರಿದ್ದಳು. ಇನ್ನು ಓಣಿ ಮತ್ತೊಮ್ಮೆ ನಿಲ್ಲಬೇಕಾದರೆ ಯಾರಾದರೂ ನಿಜವಾಗಿಯೂ ಸಾಯಬೇಕು.

"ಮೈಕ್ ಚಾಲೂನ ಇತ್ತು," ಎಂದ ಫರ್ದೀನ.

ಕಂಪ್ಯೂಟರಿನ ಗುಂಡಿ ಒತ್ತಿದ. ಬೆನ್ನ ಹಿಂದೆ ಹೆಂಗಸರ ಅಳುವಿನ ಅಲೆ, ಅದರ ಮೇಲೆ ನಿಚ್ಚಣಿಕೆ, ಛತ್ರಿ, ರೋಣದ ಬಸ್‌ಸ್ಟ್ಯಾಂಡು, ಆಮೇಲೆ ಅದು. ಬನಶ್ರೀ ಕೈ ಚಾಚಿ ಅದನ್ನು ಮತ್ತೊಮ್ಮೆ ಹಚ್ಚಿದಳು.

"ಆಯಿ," ಎಂದಳು ಬನಶ್ರೀ, "ನಾ ಎರಡ ವರ್ಷದಿಂದ ಹುಡುಕಾಕತ್ತಿದ್ದು ಇದನ್ನ."

"ಅಳಿಸಿ ಬಿಡವಾ ಅದನ್ನ. ಮನಿ ಮಾತು ಅದು. ನಿಮ್ಮಜ್ಜನ ಮರ್ಯಾದಿ."

"ನೀ ಬ್ಯಾಡ ಅಂದ್ರ ಅಳಸ್ತೀನಿ." ಹುಡುಗಿ ಹಠ ಮಾಡಲಿಲ್ಲ. ಕಣ್ಣು ಒರೆಸಿಕೊಂಡು ಫರ್ದೀನನ ಕಡೆ ತಿರುಗಿ, ಅಳಿಸು ಎಂಬಂತೆ ತಲೆಯಾಡಿಸಿದಳು. ಹಠ ಮಾಡಿದ್ದರೆ ಸಕ್ಕೂಬಾಯಿ ತಡೆದುಕೊಳ್ಳುತ್ತಿದ್ದಳು.

"ಪುಣೇದಾಗ ಕನ್ನಡ ತಿಳಿತೈತೇನು ಅವರಿಗೆ?" ಎಂದು ಕೇಳಿದಳು.

"ಒಬ್ಬರಿಗೂ ತಿಳಿಯಂಗಿಲ್ರಿ ಆಯಿ," ಎಂದ ಫರ್ದೀನ.

"ಹಂಗಾದ್ರ ಕಳಸ್ರಿ."

ಅವರು ಕಳಿಸುತ್ತಿರುವಾಗಲೇ ಹೊರಗೆ ಮತ್ತೊಂದು ಅಳು ಕೇಳಿತು. ನರಗುಂದದ ಮಗಳು ರಾಜೇಶ್ವರಿಗೆ ಯಾರೋ ಪುಣ್ಯಾತ್ಮರು ಫೋನು ಮಾಡಿದ್ದರು. ಅವಳು ಬಸ್ಸಿನಲ್ಲಿ ನರಗುಂದದಿಂದ ರೋಣದವರೆಗೆ ಒಮ್ಮೆ, ರೋಣದಿಂದ ಇಲ್ಲಿಯವರೆಗೆ ಇನ್ನೊಮ್ಮೆ ಅತ್ತು, ಕಂಡಕ್ಟರನನ್ನೂ ಅಳಿಸಿ, ಓಣಿಯ ಬಾಯಿಯಿಂದ ಎದೆ ಬಡಿದುಕೊಳ್ಳುತ್ತ ಓಡಿ ಬಂದಳು. ಪಡಸಾಲೆಯಲ್ಲಿ ಅವಳ ಅಪ್ಪ ಕೊರಳಲ್ಲಿ ಹಾರ ಹಾಕಿಕೊಂಡು ಹನುಮವ್ವನ ಜುಣಕ ರೊಟ್ಟಿ ತಿನ್ನುತ್ತಿದ್ದ.

"ಬಾ ರಾಜೂ," ಎಂದ. "ಊಟಾ ಮಾಡು. ನಾ ಹೋದೆ ಅಂತ ಕೊಟ್ಟಾರ."

ಸಾವಿನ ಮನೆಗೆ ತಂದ ಅನ್ನವನ್ನು ಮರಳಿ ಒಯ್ಯುವ ಪದ್ಧತಿ ಇಲ್ಲ. ಹಾಗಾಗಿ ಸತ್ತವನೂ, ಅಳಲು ಬಂದವರೂ, ಸಿಟ್ಟಾಗಿ ಹೋಗಿದ್ದ ಶಿವನಪ್ಪನೂ, ಬೆಳವಣಕಿಯಿಂದ ಆಗಷ್ಟೇ ಬಂದಿಳಿದು ಏನೂ ತಿಳಿಯದೆ ನಿಂತ ಮಗ ಸೊಸೆಯೂ ಒಟ್ಟಿಗೆ ಕೂತು ಉಂಡರು. ರಾಜೇಶ್ವರಿ ಮಾತ್ರ ತಾಯಿಯ ಜೊತೆ ಮಾತು ಬಿಟ್ಟು ಉಂಡಳು.

ಪುಣೆಯವರಿಗೆ ಕನ್ನಡ ತಿಳಿಯಲಿಲ್ಲ ಎಂಬುದು ನಿಜ. ಆದರೆ ಆಲ್ಬಮ್ ಹೊರಗೆ ಬಂದ ಮೇಲೆ ಅದನ್ನು ಕೇಳುವವರಲ್ಲಿ ಕನ್ನಡ ತಿಳಿದವರೂ ಇರುತ್ತಾರೆ ಎಂಬ ಸಾದಾ ಸಂಗತಿ ಆ ಸಂಜೆ ಮೂವರಿಗೂ ಹೊಳೆದಿರಲಿಲ್ಲ. ಗಜೇಂದ್ರಗಡದ ಚಹಾದಂಗಡಿಗಳಲ್ಲಿ, ನರೇಗಲ್ಲಿನ ಕಾಲೇಜಿನಲ್ಲಿ, ರೋಣದ ಬಸ್‌ಸ್ಟ್ಯಾಂಡಿನಲ್ಲಿ (ಅಲ್ಲಿ ವಿಶೇಷ ಅಭಿಮಾನದಿಂದ) 'ತಾಟ' ಎಂಬ ಹಾಡು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಹೆಂಗಸರು ಅದನ್ನು ಗಂಡಂದಿರ ಊಟದ ಹೊತ್ತಿಗೆ ಸರಿಯಾಗಿ ಹಚ್ಚತೊಡಗಿದರು. ಹನುಮವ್ವ ಬೆಳಗಿನ ಜಾವ ಯಾರೂ ನೋಡದಂತೆ ನಿಚ್ಚಣಿಕೆಯನ್ನು ತಂದು ಗೋಡೆಗೆ ಆನಿಸಿ ಹೋದಳು.

ಹಾಡು ಊರೆಲ್ಲ ಹಬ್ಬಿದ ಮೇಲೆ ಮಹಾದೇವಪ್ಪ ನಾಲ್ಕು ದಿನ ಏನೂ ಅನ್ನಲಿಲ್ಲ. ಮೊದಲೇ ಮಾತು ಕಡಿಮೆಯವನಾದ್ದರಿಂದ ಯಾರಿಗೂ ಅದು ಗೊತ್ತಾಗಲಿಲ್ಲ. ಐದನೆಯ ದಿನ ಮಧ್ಯಾಹ್ನ ಕೋಲೂರಿಕೊಂಡು ಎದ್ದು, ಮಗ್ಗದ ಕೋಣೆಯ ಬಾಗಿಲಲ್ಲಿ ನಿಂತ. ಒಳಗೆ ಬನಶ್ರೀ, ಫರ್ದೀನ ಎರಡನೆಯ ಆಲ್ಬಮ್ಮಿನ ವಿಚಾರ ಮಾಡುತ್ತಿದ್ದರು.

"ಆಕಿದು ಆಕಿ ಹೇಳಿದ್ಲು," ಎಂದ ಮಹಾದೇವಪ್ಪ. "ನಂದೂ ಐತಿ."

"ಏನೈತ್ರಿ ಅಜ್ಜಾ?"

"ನಂದು ಹೇಳೂದೈತಿ. ಮೈಕ ಹಚ್ಚು."

ಅಂದಿನಿಂದ ಮಹಾದೇವಪ್ಪನ ಸಂಗೀತಾಭ್ಯಾಸ ಆರಂಭವಾಯಿತು. ಬನಶ್ರೀ ಉಸಿರನ್ನು ಹೊಟ್ಟೆಯಿಂದ ತರುವುದು ಹೇಗೆಂದು ಕಲಿಸಿದಳು, ಫರ್ದೀನ ತೊಡೆ ಬಡಿದು ತಾಳ ಕೊಟ್ಟ. ಹೆಂಡತಿಯ ಮೇಲಿನ ದೂರುಗಳನ್ನು ಮಹಾದೇವಪ್ಪ ದಿನಕ್ಕೊಂದರಂತೆ ಕೌದಿಗಳ ನಡುವೆ ನಿಂತು ಚೀರುತ್ತಾನೆ. ಚಹಾಕ್ಕೆ ಸಕ್ಕರೆ ಕಡಿಮೆ. ದವಾಖಾನೆಗೆ ಕರೆದುಕೊಂಡು ಹೋದರೆ ಡಾಕ್ಟರು ಕೇಳಿದ್ದಕ್ಕೆಲ್ಲ ಅವಳೇ ಉತ್ತರ ಹೇಳುತ್ತಾಳೆ. ತಂಬಾಕಿನ ಚೀಲ ಬಚ್ಚಿಡುತ್ತಾಳೆ. ರೋಣದ ಬಸ್‌ಸ್ಟ್ಯಾಂಡಿಗೆ ಮರಳಿ ಹೋದಾಗ ಅವಳು ಬೈಯಲಿಲ್ಲ, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಅವತ್ತೇ ಮುಗಿಯುತ್ತಿತ್ತು, ಸುಮ್ಮನಿದ್ದು ಇಷ್ಟು ವರ್ಷ ಕಾಯಿಸಿದಳು. ಈ ಕೊನೆಯದನ್ನು ಅವನು ಚೀರಿದಾಗ ಅವನ ದನಿಯಲ್ಲೂ ಏನೋ ಒಂದು ಹರಿಯಿತು. ಫರ್ದೀನ ತೊಡೆ ಬಡಿಯುವುದನ್ನು ಮರೆತ.

ಅಡುಗೆಮನೆಯಲ್ಲಿ ಕೂತ ಸಕ್ಕೂಬಾಯಿ ಇದೆಲ್ಲವನ್ನೂ ಕೇಳುತ್ತಾಳೆ. ಒಂದೇ ಒಂದು ಸಲ ಬಾಯಿ ತೆರೆದದ್ದಕ್ಕೆ, ಕೇಳಬೇಕಾದದ್ದು ಮನೆಯಲ್ಲಿ ಇಮ್ಮಡಿಯಾಯಿತು. ಆ ಮಧ್ಯಾಹ್ನವೂ ಜೋಳದ ಹಿಟ್ಟನ್ನು ಬಿಸಿನೀರಲ್ಲಿ ನಾದಿ ಉಂಡೆ ಮಾಡಿ, ಕಟ್ಟಿಗೆಯ ಕೊಣಮಿಗೆಯಲ್ಲಿಟ್ಟು ಬಡಿಯಲು ಶುರುಮಾಡಿದ್ದಳು. ಫರ್ದೀನ ಬಾಗಿಲಲ್ಲಿ ತಲೆ ಹಾಕಿದ.

"ಆಯಿ, ಅಜ್ಜಾರದು ಭಾಳ ಚಲೋ ಬರಾಕತ್ತೈತ್ರಿ. ಆ ರೊಟ್ಟಿ ಬಡಿಯೂದು ಮೈಕನ್ಯಾಗ ಬರತೈತಿ. ಸ್ವಲ್ಪ ಹೊತ್ತು ನಿಂದರಸ್ತೀರೇನ್ರಿ?"

ಸಕ್ಕೂಬಾಯಿಯ ಕೈ ಹಿಟ್ಟಿನ ಮೇಲೆ ಒಂದು ಗಳಿಗೆ ನಿಂತಿತು. ಒಳಗಿನಿಂದ ಗಂಡ ಮುಂದಿನ ದೂರಿಗಾಗಿ ಉಸಿರು ತೆಗೆದುಕೊಳ್ಳುವುದು ಕೇಳಿಸುತ್ತಿತ್ತು.

"ಇಲ್ಲಪಾ," ಎಂದಳು, "ನಿಂದರಸಂಗಿಲ್ಲ."

ಅಂಚಿಗೆ ಹಿಟ್ಟು ಉದುರಿಸಿಕೊಂಡು, ರೊಟ್ಟಿಯನ್ನು ತಿರುಗಿಸುತ್ತ ತಿರುಗಿಸುತ್ತ ಅಗಲ ಬಡಿದಳು. ಎರಡೂ ಅಂಗೈಯಲ್ಲಿ ಎತ್ತಿ ಕಾದ ಹಂಚಿನ ಮೇಲೆ ಹಾಸಿದಳು, ನೀರಿನ ಅರಿವೆಯಿಂದ ಮೇಲೆ ಒಮ್ಮೆ ಸವರಿದಳು, ಮುಂದಿನ ಉಂಡೆಯನ್ನು ತೆಗೆದುಕೊಂಡಳು.